ಬತ್ತುವ ತಿಂಗಳಲ್ಲಿ ನೀರಿನ ಸ್ಮರಣೆ

ಚೈತ್ರ ಬಂತೆಂದರೆ ಬೇವು ಹೂ ಬಿಡುತ್ತದೆ, ಮಾವಿನಲ್ಲಿ ಕಾಯಿ ತೂಗುತ್ತವೆ. ಅದೇ ಹೊತ್ತಿಗೆ ಬಾವಿಯ ತಳವೂ ಕಾಣುತ್ತದೆ. ಔರಾದ, ಭಾಲ್ಕಿ ಕಡೆಯ ಹೆಣ್ಣುಮಕ್ಕಳಿಗೆ ವಸಂತವೆಂದರೆ ಸೊಂಟದ ಮೇಲಿನ ಕೊಡ. ಇಂಥ ತಿಂಗಳಲ್ಲೇ, 13 ಅಥವಾ 14ನೆಯ ತಾರೀಖಿಗೆ, ಬೀದರದ ಗುರುನಾನಕ ಝೀರಾದಲ್ಲಿ ಸಿಖ್ಖರ ಸಂಗತ ಬೈಸಾಖಿಗೆ ಸೇರುತ್ತದೆ. ಬಂದವರು ಝರಿಯ ನೀರನ್ನು ಬೊಗಸೆಯೊಡ್ಡಿ ಕುಡಿದು, ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಹದಿನಾರನೆಯ ಶತಮಾನದ ಆರಂಭದಲ್ಲಿ ಗುರುನಾನಕರು ಇಲ್ಲಿಗೆ ಬಂದಾಗ ಊರಿನ ನೀರು ಉಪ್ಪಾಗಿತ್ತಂತೆ. ಅವರು ಪಾದದಿಂದ ಕಲ್ಲೊಂದನ್ನು ಸರಿಸಿದರು, ಸಿಹಿನೀರು ಚಿಮ್ಮಿತು ಎಂಬುದು ನಂಬಿಕೆ. ವಿಜ್ಞಾನದ ಮೇಷ್ಟ್ರಾದ ನನಗೆ ಮಕ್ಕಳು ಕೇಳುವ ಪ್ರಶ್ನೆ ಬೇರೆ: "ಸರ್, ಎಲ್ಲ ಕಡೆ ಬತ್ತಿದರೂ ಅಲ್ಲಿ ಹೇಗೆ ಹರಿಯುತ್ತದೆ?"

ಬೀದರ ನಗರ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತಿದೆ. ಆ ಕಲ್ಲಿನ ತುಂಬ ರಂಧ್ರಗಳು. ಮಳೆನೀರು ಅದರಲ್ಲಿ ಇಂಗಿ, ಕೆಳಗಿನ ಪದರ ಒಳಬಿಡದಿದ್ದಾಗ ಅಡ್ಡಕ್ಕೆ ಸರಿಯುತ್ತ, ಬೆಟ್ಟದ ಅಂಚಿನಲ್ಲಿ ಹೊರಬೀಳುತ್ತದೆ. ನರಸಿಂಹ ಝರಣಿಯಲ್ಲಿ ಎದೆಮಟ್ಟ ನೀರಿನಲ್ಲಿ ನಡೆದು ದೇವರನ್ನು ಕಾಣುವವರಿಗೂ ಆ ಕಲ್ಲೇ ನೀರು ಕೊಡುತ್ತದೆ. ನೌಬಾದದ ಸುರಂಗ ಬಾವಿಯನ್ನು ತೋಡಿಸಿದ ಬಹಮನಿಗಳಿಗೂ ಈ ಗುಟ್ಟು ಗೊತ್ತಿತ್ತು. ಭಾಲ್ಕಿ, ಔರಾದಗಳದು ಹೆಚ್ಚಾಗಿ ಎರೆಭೂಮಿ. ಅಡಿಯ ಕಪ್ಪು ಶಿಲೆಯಲ್ಲಿ ಬಿರುಕಿದ್ದಲ್ಲಿ ಮಾತ್ರ ನೀರು. ಅಂದರೆ ಬೈಸಾಖಿಯ ದಿನ ನಾವು ಕುಡಿಯುವುದು ಹಿಂದಿನ ಮಳೆಗಾಲಗಳು ಕೂಡಿಟ್ಟ ನೀರು. ಇದರಿಂದ ಭಕ್ತಿಗೇನೂ ಕುಂದಿಲ್ಲ. ಕೈಮುಗಿಯಲು ಇನ್ನೊಂದು ಕಾರಣ ಸಿಕ್ಕಿತು, ಅಷ್ಟೆ.

ಯಹೂದಿಗಳ ಪಸ್ಕ ಹಬ್ಬವೂ ಹೆಚ್ಚಾಗಿ ನಮ್ಮ ಚೈತ್ರ ಹುಣ್ಣಿಮೆಯ ಸುಮಾರಿಗೇ ಬರುತ್ತದೆ. ನಮ್ಮ ಅಧಿಕ ಮಾಸದಂತೆ ಅವರೂ 19 ವರ್ಷಗಳಲ್ಲಿ 7 ತಿಂಗಳು ಹೆಚ್ಚಿಗೆ ಸೇರಿಸಿ ಹಬ್ಬವನ್ನು ವಸಂತದಲ್ಲೇ ಹಿಡಿದಿಟ್ಟಿದ್ದಾರೆ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಿದ್ದ ನೆನಪಿಗೆ ಹುಳಿಯಿಲ್ಲದ ರೊಟ್ಟಿ ತಿನ್ನುತ್ತಾರೆ. ಹಾಗೆ ಹೊರಟವರು ಮರುಭೂಮಿಯಲ್ಲಿ ಬಾಯಾರಿದಾಗ ಮೋಶೆ ಕೋಲಿನಿಂದ ಬಂಡೆಯನ್ನು ಹೊಡೆದು ನೀರು ತರಿಸಿದನೆಂದು ಬೈಬಲ್ ಹೇಳುತ್ತದೆ. ಝೀರಾದ ಕಥೆ ಬಲ್ಲ ನಮಗೆ ಇದು ಹೊರಗಿನದೆನಿಸೀತೆ? ನನಗೆ ಇನ್ನೂ ಹಿಡಿಸಿದ್ದು ಒಂದು ಪದ್ಧತಿ. ಹಬ್ಬದ ಮೊದಲ ದಿನ ಅವರ ಸಭೆ ಮಳೆಯ ಪ್ರಾರ್ಥನೆ ನಿಲ್ಲಿಸಿ ಇಬ್ಬನಿಯನ್ನು ಬೇಡುತ್ತದೆ. ಅವರ ಪೂರ್ವಜರ ನಾಡಿನಲ್ಲಿ ಮಳೆ ಮುಗಿದು ಒಣಗಾಲ ಹೊಸ್ತಿಲಿಗೆ ಬರುವುದು ಆಗಲೇ.

1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದಸಿಂಗರು ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬ ಪುರಿಯ ನೀರು ಹೊರುವವ, ಇನ್ನೊಬ್ಬ ನಮ್ಮ ಬೀದರದ ಕ್ಷೌರಿಕ ಸಾಹಿಬ್ ಚಂದ್. ಇಂದಿಗೂ ಲಂಗರಿನಲ್ಲಿ ಜಾತಿ ಕೇಳದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಾರೆ. ಎಂಜಲು ತಟ್ಟೆ ತೊಳೆಯುವುದು ಅಲ್ಲಿ ಸೇವೆ; ಮನೆಯಲ್ಲಿ ತಟ್ಟೆ ಎತ್ತದ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ!

2016ರ ಏಪ್ರಿಲ್‌ನಲ್ಲಿ ನಮ್ಮ ನೆರೆಯ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಅಂದಿನಿಂದ ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸುತ್ತೇನೆ, ಮನೆಯಲ್ಲೂ ಮಾಡಬಹುದು. ಹಳೆಯ ಡಬ್ಬಿಯ ತಳಕ್ಕೆ ಜೇಡಿಮಣ್ಣು ಮೆತ್ತಿ, ಮೇಲೆ ಕೆಂಪು ಕಲ್ಲಿನ ಚೂರು ತುಂಬಿ, ಎರಡೂ ಕೂಡುವಲ್ಲಿ ಪಕ್ಕಕ್ಕೆ ಸಣ್ಣ ತೂತು ಮಾಡಿ. ಒಂದು ಲೋಟ ನೀರು ಹೊಯ್ದರೆ ಸುರಿಯುವುದು ನಿಂತ ಮೇಲೂ ತೂತಿನಿಂದ ಹನಿ ಬೀಳುತ್ತಿರುತ್ತದೆ. ಆಮೇಲೆ ಚೂರುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದೇ ರಸ್ತೆ, ಅದೇ ಕಾಂಕ್ರೀಟು ಎಂದುಕೊಂಡು ಮತ್ತೆ ಹೊಯ್ಯಿರಿ. ನೀರೆಲ್ಲ ಮೇಜಿನ ಮೇಲೆ ಹರಿದು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ತೂತು ಒಣಗುತ್ತದೆ.