ಅಳತೆಯ ನೀರು

ಬಾಗಿಲಿಗೆ ಬಂದವರಿಗೆಲ್ಲ ಬೆಲ್ಲ, ನೀರು ಕೊಡುವ ಮನೆಯಲ್ಲಿ ಬೆಳೆದವನು ನಾನು. ಅಂಥವನು ಕೈಹಿಡಿದವಳಿಗೇ ನೀರನ್ನು ಅಳೆದು ಕೊಡಬೇಕಾದೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನನ್ನಾಕೆಯ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಮೂರು ವರ್ಷವಾಯಿತು. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಡಯಾಲಿಸಿಸ್. 1943ರಲ್ಲಿ, ಯುದ್ಧದ ಅಭಾವದ ನಡುವೆ, ಹಾಲೆಂಡಿನ ಡಾಕ್ಟರ್ ಕೋಲ್ಫ್ ಸೆಲೊಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ಕೆಲಸಕ್ಕೆ ಬರುವಂಥ ಯಂತ್ರವೊಂದನ್ನು ಕಟ್ಟಿದರು. ಆ ಪುಣ್ಯಾತ್ಮನಿಗೆ ನಮಸ್ಕಾರ. ಆದರೆ ಯಂತ್ರದ ಪಾಲಿಗೆ ವಾರದಲ್ಲಿ 12 ಗಂಟೆ. ಉಳಿದ 156 ಗಂಟೆ ನಮ್ಮ ಪಾಲಿಗೆ.

ಆ ಹೊತ್ತಿಗೆಲ್ಲ ನಾನೇ ಪೋಲೀಸಿನವನಾದೆ. ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. 1 ಲೀಟರಿಗೆ 1 ಕಿಲೋ ತೂಕ. ಮಿತಿಮೀರಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಹೂಜಿಯನ್ನು ನನ್ನ ಮಂಚದ ಬಳಿಗೆ ಒಯ್ದೆ. ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯವೆಂದು ಎಳನೀರಿಗೂ ಬಾಳೆಹಣ್ಣಿಗೂ ಬಹಿಷ್ಕಾರ ಹಾಕಿದೆ.

ಒಂದು ರಾತ್ರಿ ಬಚ್ಚಲಲ್ಲಿ ನಲ್ಲಿಯ ಸದ್ದು. ಹೋಗಿ ನೋಡಿದರೆ ಬೊಗಸೆಯೊಡ್ಡಿ ಕುಡಿಯುತ್ತಿದ್ದಳು. ನಲವತ್ತು ವರ್ಷ ಈ ಮನೆಯ ಬೀಗದ ಕೈ ಸೆರಗಿಗೆ ಕಟ್ಟಿಕೊಂಡಿದ್ದವಳು ಕಳ್ಳಿಯಂತೆ ಬೆಚ್ಚಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಕಾಯಿಲೆ ನನ್ನದು. ಲೆಕ್ಕ ಮಾತ್ರ ನಿಮ್ಮದೇಕೆ?"

ನನ್ನಲ್ಲಿ ಉತ್ತರವಿರಲಿಲ್ಲ.

ಡಯಾಲಿಸಿಸ್ ಮಾಡುವ ನರ್ಸಮ್ಮನಿಗೆ ಇದನ್ನು ಹೇಳಿದಾಗ ಆಕೆ ನಕ್ಕು, "ಲೆಕ್ಕ ಅಮ್ಮನಿಗೆ ಬಿಡಿ ಸಾರ್, ಅಡಿಗೆಯಲ್ಲಿ ಉಪ್ಪು ನೀವು ಕಡಿಮೆ ಮಾಡಿ. ಬಾಯಾರಿಕೆ ಅರ್ಧ ಅಲ್ಲಿಂದಲೇ" ಎಂದಳು.

ಅಂದಿನಿಂದ ಕೆಲಸ ಹಂಚಿಕೊಂಡೆವು. ವೈದ್ಯರು ಗೊತ್ತುಮಾಡಿದಷ್ಟು ನೀರನ್ನು ಬೆಳಗ್ಗೆ ಅವಳೇ ಬಾಟಲಿಗೆ ತುಂಬುತ್ತಾಳೆ. ಕಾಫಿ, ಸಾರು, ಮಜ್ಜಿಗೆ ಏನೇ ಕುಡಿದರೂ ಅಷ್ಟನ್ನು ಅದರಿಂದ ಚೆಲ್ಲುತ್ತಾಳೆ. ತೂಕ ನೋಡಿ ಬರೆಯುತ್ತಾಳೆ. ಸೂಜಿ ಚುಚ್ಚುವ ಎಡಗೈಯ ರಕ್ತನಾಳದ ಮೇಲೆ ಬೆರಳಿಟ್ಟು, ಮಿಡಿತವಿದೆಯೇ ಎಂದು ಪರೀಕ್ಷಿಸುತ್ತಾಳೆ. ಯಾರಾದರೂ ಆ ಕೈಗೆ ರಕ್ತದೊತ್ತಡದ ಪಟ್ಟಿ ಕಟ್ಟಲು ಬಂದರೆ ಗದರಿಸುತ್ತಾಳೆ. ನನ್ನದು ಒಲೆಯ ಮುಂದಿನ ಕೆಲಸ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ ಬಸಿಯುತ್ತೇನೆ. ಪೊಟ್ಯಾಸಿಯಂ ಒಂದಿಷ್ಟು ಹೊರಟುಹೋಗುತ್ತದೆ. ಉಪ್ಪಿನಕಾಯಿಯ ಜಾಡಿ ಪಕ್ಕದ ಮನೆ ಸೇರಿತು. ಅದಕ್ಕಾಗಿ ನನಗೆ ಇಂದಿಗೂ ದುಃಖವಿದೆ.

ಎಲ್ಲ ದಿನವೂ ಲೆಕ್ಕ ಸರಿಹೋಗುವುದಿಲ್ಲ. ತೂಕ ಏರಿದ ದಿನ ಅವಳೇ ಪುಸ್ತಕ ತಂದು ತೋರಿಸುತ್ತಾಳೆ. ನಾನು ಗದರುವುದನ್ನು ಬಿಟ್ಟಿದ್ದೇನೆ. ಅವಳು ಮುಚ್ಚಿಡುವುದನ್ನು ಬಿಟ್ಟಿದ್ದಾಳೆ.

ಮೊನ್ನೆ ಊರಿನಿಂದ ನೆಂಟರು ಬಂದರು. ಬೆಲ್ಲ, ನೀರು ಅವಳೇ ತಂದಿಟ್ಟಳು. "ನೀನೂ ಕುಡಿಯಮ್ಮ" ಎಂದರು. ಅವಳು ತನ್ನ ಬಾಟಲಿಯಿಂದ ಪುಟ್ಟ ಲೋಟಕ್ಕೆ ಎರಡು ಗುಟುಕು ಬಗ್ಗಿಸಿಕೊಂಡು, ಎಲ್ಲರ ಜೊತೆ ಕೂತು ನಿಧಾನವಾಗಿ ಕುಡಿದಳು.