ಟಾಪ್ ಬಿಚ್ಚಿದ ಜೀಪು, ಕಾಣದ ಮೂಲೆ ಮತ್ತು ಮಾನ್ವಿಯ ದಾರಿ

ಬೆಳ್ಳಿತೆರೆಯ ಮೇಲೆ ಹೀರೋ ಟಾಪಿಲ್ಲದ ಕಾರು ಓಡಿಸುವುದನ್ನು ನೀವು ಎಷ್ಟು ಸಲ ನೋಡಿಲ್ಲ! ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕೈ ನಾಯಕಿಯ ಹೆಗಲ ಮೇಲೆ, ಕಣ್ಣು ಮಾತ್ರ ರಸ್ತೆಯ ಮೇಲಿಲ್ಲ. ಪಲ್ಲವಿ ಮುಗಿದು ಎರಡು ಚರಣ ಆಗುವವರೆಗೂ ಆಸಾಮಿ ಮುಂದೆ ನೋಡುವುದೇ ಇಲ್ಲ. ಹಿಂದೆ ನೋಡುವ ಮಾತಂತೂ ದೂರ. ಆದರೂ ಅವನಿಗೆ ಒಂದು ಎಮ್ಮೆ ಅಡ್ಡ ಬರುವುದಿಲ್ಲ, ಒಂದು ಸೈಕಲ್ಲು ಎಡಗಡೆಯಿಂದ ನುಗ್ಗುವುದಿಲ್ಲ. ಏನು ಪುಣ್ಯವಂತನಪ್ಪಾ!

ಪುಣ್ಯವೂ ಇಲ್ಲ, ಮಣ್ಣೂ ಇಲ್ಲ. ಹಳೆಯ ಕಾಲದ ಸ್ಟುಡಿಯೋಗಳಲ್ಲಿ ಕಾರು ನಿಂತೇ ಇರುತ್ತಿತ್ತು. ಹಿಂದಿನ ಪರದೆಯ ಮೇಲೆ ಮೊದಲೇ ತೆಗೆದ ರಸ್ತೆ ಓಡುತ್ತಿತ್ತು. ನಾಲ್ಕು ಜನ ಸೇರಿ ಕಾರನ್ನು ಅಲುಗಾಡಿಸಿದರೆ, ಫ್ಯಾನ್ ಹಾಕಿ ಕೂದಲು ಹಾರಿಸಿದರೆ ಆಯಿತು, ಅರವತ್ತು ಮೈಲಿ ಸ್ಪೀಡು! ಹೊರಾಂಗಣವಾದರೆ ಕಾರನ್ನು ಇನ್ನೊಂದು ಬಂಡಿಯ ಮೇಲೇರಿಸಿ ಎಳೆಯುತ್ತಾರೆ. ಟಾಪಿಲ್ಲದ ಕಾರಿನ ಮೇಲೆ ಸಿನಿಮಾದವರಿಗೆ ಇಷ್ಟೇಕೆ ಪ್ರೀತಿ ಎಂದರೆ, ಮುಖದ ಮೇಲೆ ಬೆಳಕು ಬೀಳುತ್ತದೆ, ಕ್ಯಾಮೆರಾಕ್ಕೆ ಅಡ್ಡಿ ಇಲ್ಲ. ಅಡ್ಡ ಬಂದರೆ ನಡುವಿನ ಕನ್ನಡಿಯನ್ನೂ ಕಿತ್ತು ಪಕ್ಕಕ್ಕಿಡುತ್ತಾರೆ.

1969ರ 'ಆರಾಧನಾ' ಚಿತ್ರದ ರೈಲು-ಜೀಪಿನ ಹಾಡು ನೆನಪಿದೆಯಲ್ಲ? ಡಾರ್ಜಿಲಿಂಗ್ ಬೆಟ್ಟದ ಪುಟ್ಟ ರೈಲು, ಪಕ್ಕದಲ್ಲೇ ತೆರೆದ ಜೀಪು. ರಾಜೇಶ್ ಖನ್ನಾ ಕಿಟಕಿಯ ಕಡೆ ನೋಡುತ್ತಾ ಹಾಡುತ್ತಾರೆ. ಶರ್ಮಿಳಾ ಟ್ಯಾಗೋರ್ ಅವರ ಭಾಗವನ್ನು ಸ್ಟುಡಿಯೋದಲ್ಲಿ ಬೇರೆಯಾಗಿ ತೆಗೆದರು. ಆ ಹಾಡಿನಲ್ಲಿ ನಾವು ಯಾರೂ ಗಮನಿಸದ ಒಬ್ಬ ಮನುಷ್ಯ ಇದ್ದಾರೆ, ಜೀಪು ಓಡಿಸುವ ಸುಜಿತ್ ಕುಮಾರ್. ಹಾಡುವವರು ಒಬ್ಬರು, ಓಡಿಸುವವರು ಇನ್ನೊಬ್ಬರು. ನನ್ನನ್ನು ಕೇಳಿದರೆ ಜೀಪು ಹಾಡುಗಳಲ್ಲೆಲ್ಲ ಸರಿಯಾದ ವ್ಯವಸ್ಥೆ ಅದೇ!

ರಾಯಚೂರಿನಿಂದ ಹೊರಟಿತು ಸವಾರಿ

ಇದೆಲ್ಲ ತಲೆಗೆ ಬಂದದ್ದು ರಾಯಚೂರಿನಿಂದ ಮಾನ್ವಿಗೆ ಹೋದ ಒಂದು ಬೆಳಿಗ್ಗೆ. ಮಾನ್ವಿಯ ಗೆಳೆಯನೊಬ್ಬ ರಾಯಚೂರಿನಲ್ಲಿ ಹಳೆಯ ಜೀಪೊಂದನ್ನು ಕೊಂಡಿದ್ದ. ಕ್ಯಾನ್ವಾಸ್ ಟಾಪು, ಬೇಕಾದಾಗ ಬಿಚ್ಚಿ ಮಡಚಬಹುದು. ನಮ್ಮ ಸೀಮೆಯಲ್ಲಿ ಫಾರಿನ್ ಕನ್ವರ್ಟಿಬಲ್ ಎಲ್ಲಿಂದ ಬರಬೇಕು? ನಮಗೆ ಅದೇ ಕನ್ವರ್ಟಿಬಲ್ಲು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆಂದು ಹುಟ್ಟಿದ ಈ ಗಾಡಿ, ಮಹೀಂದ್ರಾದವರ ಕೈಯಿಂದ ಹೊಲದ ಗಾಡಿಯಾಯಿತು, ಎಲೆಕ್ಷನ್ ಗಾಡಿಯಾಯಿತು, ಮದುವೆ ದಿಬ್ಬಣದ ಗಾಡಿಯೂ ಆಯಿತು. 2010ರಲ್ಲಿ ಥಾರ್ ಬಂತು. 2020ರ ಹೊಸ ಥಾರ್‌ನಲ್ಲೂ ಮಡಚುವ ಟಾಪು ಸಿಗುವಂತೆ ಮಾಡಿದರು. ಹುಡುಗರಿಗೆ ಅದರ ಹುಚ್ಚು ಎಷ್ಟೆಂದು ನಿಮಗೇ ಗೊತ್ತು.

ಜೀಪನ್ನು ಮಾನ್ವಿಗೆ ಮುಟ್ಟಿಸುವ ಹೊಣೆ ಒಬ್ಬ ಹಳೆಯ ಲಾರಿ ಡ್ರೈವರಿನದು. ಮೂವತ್ತು ವರ್ಷ ಲಾರಿ ತಿರುಗಿಸಿದ ಮನುಷ್ಯ. ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಪಕ್ಕದ ಸೀಟು ನನ್ನದು.

1294ರಲ್ಲಿ ಕಟ್ಟಿದ ಕೋಟೆಯ ಊರನ್ನು ಬಿಟ್ಟು ಪಶ್ಚಿಮಕ್ಕೆ ಹೊರಟೆವು. ಟಾಪು ಬಿಚ್ಚಿತ್ತು. ತಣ್ಣನೆಯ ಗಾಳಿ, ಎರಡೂ ಕಡೆ ಎರೆ ಹೊಲ, ಆಕಾಶವೆಲ್ಲ ನಮ್ಮದೇ. ಬೆನ್ನಿಗೆ ಸೂರ್ಯ, ಕನ್ನಡಿಯಲ್ಲಿ ಬೆಂಕಿ! ಕಾಕಾ ನಡುವಿನ ಕನ್ನಡಿಯನ್ನು ಕೊಂಚ ಕೆಳಗೆ ಬಾಗಿಸಿದರು. "ಬೆನ್ನ ಹಿಂದಿನ ಬಿಸಿಲು ಕನ್ನಡ್ಯಾಗ ಬಿದ್ರ ಕಣ್ಣು ಕುಕ್ತೈತಿ ತಮ್ಮಾ. ಹಿಂದ ಏನ್ ಬಂತು ಗೊತ್ತಾಗಂಗಿಲ್ಲ" ಎಂದರು.

ಕಲ್ಮಲಾ ತಿರುವು

ಕಲ್ಮಲಾದಲ್ಲಿ ಲಿಂಗಸುಗೂರಿನ ರಸ್ತೆಯನ್ನು ಬಿಟ್ಟು ಮಾನ್ವಿಗೆ ಎಡಕ್ಕೆ ತಿರುಗಬೇಕು. ಕಾಕಾ ದೂರದಿಂದಲೇ ಇಂಡಿಕೇಟರ್ ಹಾಕಿದರು, ಸ್ಪೀಡು ಇಳಿಸಿದರು, ಕನ್ನಡಿ ನೋಡಿದರು. ಅಷ್ಟೂ ಆದ ಮೇಲೆ ಕತ್ತು ತಿರುಗಿಸಿ ಎಡಹೆಗಲ ಹಿಂದೆ ಒಂದು ಸಲ ಕಣ್ಣಾಡಿಸಿದರು. ಥಟ್ಟನೆ ಬ್ರೇಕು! ಎಡಗಡೆಯಿಂದ ಸುಂಯ್ ಎಂದು ಒಂದು ಬೈಕು ಹೋಯಿತು. ಅದರ ಮೇಲೆ ಮೂರು ಜನ ಹುಡುಗರು. ಹಿಂದೆ ಕೂತವನು ನಮ್ಮ ಕಡೆ ಕೈ ಬೀಸಿ ನಕ್ಕ.

ಕಾಕಾ ಬೈಯಲಿಲ್ಲ. "ಕನ್ನಡ್ಯಾಗ ಇದ್ದಿದ್ದಿಲ್ಲ ನೋಡು ಅವರು. ಟಾಪ್ ಇಲ್ಲದ್ದಕ್ಕ ಹೊಳ್ಳಿ ನೋಡಿದ್ರ ಕಂಡ್ರು" ಎಂದರು, ಅಷ್ಟೇ.

ಅಲ್ಲಿಗೆ ನನಗೆ ವಿಷಯ ತಿಳಿಯಿತು. ನಮ್ಮ ದೇಶದಲ್ಲಿ ಡ್ರೈವರ್ ಕೂರುವುದು ಬಲಕ್ಕೆ. ಎಡಗಡೆಯ ಹಿಂದಿನ ಮೂಲೆ ಅವನಿಂದ ಬಲು ದೂರ. ನಮ್ಮ ಬೈಕು ಸವಾರರಿಗೋ ಎಡಗಡೆಯಿಂದ ನುಗ್ಗುವುದೇ ಚಾಳಿ! ಕಾಣದ ಮೂಲೆಯೂ ಅದೇ, ನುಗ್ಗುವ ಸಂದಿಯೂ ಅದೇ. ಗಂಟೆಗೆ 60 ಕಿಲೋಮೀಟರ್ ಸ್ಪೀಡಿನಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕತೆ ಮುಗಿಯುತ್ತದೆ ಎನ್ನುವುದು ಬರೀ ಡೈಲಾಗ್ ಅಲ್ಲ.

ಕಲ್ಲೂರಿನಲ್ಲಿ ಮಾಯವಾದ ಹುಡುಗ

ಕಲ್ಲೂರು ಮುಟ್ಟುವಷ್ಟರಲ್ಲಿ ಬಿಸಿಲು ತನ್ನ ಅಸಲಿ ರೂಪ ತೋರಿಸಿತು. ರಾಯಚೂರಿನ ಬಿಸಿಲೆಂದರೆ ಗೊತ್ತಲ್ಲ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿದರೂ ಯಾರೂ ಸುದ್ದಿ ಎನ್ನುವುದಿಲ್ಲ. ಚಹದಂಗಡಿಯ ಮುಂದೆ ಜೀಪು ನಿಲ್ಲಿಸಿ ಟಾಪು ಏರಿಸಿದೆವು. ನೆರಳೇನೋ ಬಂತು. ಆದರೆ ಬೆನ್ನಹಿಂದಿನ ಅರ್ಧ ಪ್ರಪಂಚ ಕಾಣೆಯಾಯಿತು!

"ನನ್ನ ಸೀಟಿನ್ಯಾಗ ಕೂಡು, ಒಂದು ಆಟ ತೋರಸ್ತೀನಿ" ಎಂದರು ಕಾಕಾ. ಚಹದಂಗಡಿಯ ಹುಡುಗನನ್ನು ಕರೆದು, ಜೀಪಿನ ಹಿಂದಿನಿಂದ ಎಡಪಕ್ಕದಲ್ಲಿ ನಿಧಾನ ನಡೆದು ಬಾ ಎಂದರು. ಮೊದಲು ಹುಡುಗ ನಡುವಿನ ಕನ್ನಡಿಯಲ್ಲಿ ಕಂಡ, ಅದೂ ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಹಳದಿ ಮಬ್ಬಿನಲ್ಲಿ, ಹಳೆಯ ಪ್ರಿಂಟಿನ ಸಿನಿಮಾದಂತೆ. ಆಮೇಲೆ ಮಾಯ! ಒಂದು ಹೆಜ್ಜೆ, ಎರಡು, ಮೂರು, ನಾಲ್ಕು... ಎಡಗನ್ನಡಿಯಲ್ಲಿ ಕಾಣುತ್ತಿದ್ದದ್ದು ನಮ್ಮ ಜೀಪಿನದೇ ಪಕ್ಕೆ. ತಿರುಗಿ ನೋಡಿದರೆ ಕ್ಯಾನ್ವಾಸು. ಹುಡುಗ ಮತ್ತೆ ಕಂಡದ್ದು ಪಕ್ಕದ ಸೀಟಿನ ಬಾಗಿಲ ಹತ್ತಿರ, ಹಲ್ಲು ಕಿರಿಯುತ್ತಾ.

ಸಿನಿಮಾದಲ್ಲಿ ಫ್ರೇಮ್ ಬಿಟ್ಟು ಹೋದವನು ಮೇಕಪ್ ಅಳಿಸಿ ಮನೆಗೆ ಹೋಗುತ್ತಾನೆ. ರಸ್ತೆಯಲ್ಲಿ ಫ್ರೇಮ್ ಬಿಟ್ಟವನು ಅಲ್ಲೇ, ನಮ್ಮ ಚಕ್ರದ ಪಕ್ಕದಲ್ಲೇ ಇರುತ್ತಾನೆ.

ಕನ್ನಡಿಗೆ ಕಲಿಸಿದ ಪಾಠ

ಈಗ ಕಾಕಾ ಕನ್ನಡಿ ತಿದ್ದಿಸಿದರು. ವಿದ್ಯೆ ಸುಲಭ, ನೀವೂ ಮಾಡಿ ನೋಡಿ. ಬಲಗನ್ನಡಿಗೆ: ತಲೆಯನ್ನು ಬಲಗಡೆ ಬಾಗಿಲ ಕಡೆಗೆ ಪೂರ್ತಿ ಬಾಗಿಸಿ, ನಿಮ್ಮ ಗಾಡಿಯ ಪಕ್ಕೆ ಕನ್ನಡಿಯ ಅಂಚಿನಲ್ಲಿ ಎಳೆಯಷ್ಟು ಮಾತ್ರ ಕಾಣುವಂತೆ ಕನ್ನಡಿಯನ್ನು ಹೊರಕ್ಕೆ ತಿರುಗಿಸಿ. ಎಡಗನ್ನಡಿಗೆ: ತಲೆಯನ್ನು ಎರಡು ಸೀಟುಗಳ ನಡುವಿಗೆ ತಂದು ಹಾಗೇ ಮಾಡಿ. ನೆಟ್ಟಗೆ ಕೂತಾಗ ನಿಮ್ಮ ಗಾಡಿ ಕನ್ನಡಿಯಲ್ಲಿ ಕಾಣಬಾರದು. ನಮ್ಮ ಗಾಡಿಯ ಚಂದ ನೋಡಲು ಕನ್ನಡಿ ಬೇಕೇ? ಹಿಂದಿನಿಂದ ಬರುವವನು ನಡುವಿನ ಕನ್ನಡಿ ಬಿಡುತ್ತಿದ್ದಂತೆ ಪಕ್ಕದ ಕನ್ನಡಿಗೆ ಬರಬೇಕು, ಅದನ್ನು ಬಿಡುತ್ತಿದ್ದಂತೆ ನಮ್ಮ ಕಡೆಗಣ್ಣಿಗೆ ಬೀಳಬೇಕು. ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಕಟ್ ಆದ ಹಾಗೆ.

1995ರಲ್ಲಿ ಅಮೆರಿಕದ ಜಾರ್ಜ್ ಪ್ಲಾಟ್ಜರ್ ಎಂಬ ಎಂಜಿನಿಯರ್ ಇದನ್ನೇ ಲೆಕ್ಕ ಹಾಕಿ ಪ್ರಬಂಧ ಬರೆದರು. ನಮ್ಮ ಕಾಕಾ ಪ್ರಬಂಧ ಓದಿದವರಲ್ಲ, ಲಾರಿ ಓಡಿಸಿ ಕಲಿತವರು. ಹುಡುಗನನ್ನು ಮತ್ತೆ ನಡೆಸಿದೆವು. ಈ ಸಲ ಮಾಯವಾದದ್ದು ಒಂದೇ ಹೆಜ್ಜೆ.

"ಆ ಒಂದು ಹೆಜ್ಜಿ ಸಲುವಾಗಿನ ಕುತ್ತಿಗಿ ಇರೋದು" ಎಂದರು ಕಾಕಾ.

ಇನ್ನೂ ಕೆಲವು ಮಾತು ಹೇಳಿದರು. ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನು ಒಣ ಬಟ್ಟೆಯಿಂದ ತಿಕ್ಕಬಾರದು. ಧೂಳೇ ಉಪ್ಪುಕಾಗದವಾಗಿ ಗೀರು ಬೀಳುತ್ತದೆ. ಮೊದಲು ನೀರು ಸುರಿದು, ಆಮೇಲೆ ಮೆತ್ತನೆಯ ಒದ್ದೆ ಬಟ್ಟೆ. ಟಾಪು ಮಡಚಿದಾಗ ಅದರ ಗಂಟು ಹಿಂದಿನ ನೋಟಕ್ಕೆ ಅಡ್ಡ ನಿಲ್ಲದಂತೆ ಕೆಳಗೆ ಒತ್ತಿ ಪಟ್ಟಿ ಬಿಗಿಯಬೇಕು. ಪಕ್ಕದ ಕನ್ನಡಿಯ ಮೂಲೆಗೆ ರೂಪಾಯಿಯಷ್ಟಗಲದ ಉಬ್ಬುಗನ್ನಡಿ ಅಂಟಿಸಿದರೆ ಹೆಚ್ಚು ಕಾಣುತ್ತದೆ, ಆದರೆ ಅದರಲ್ಲಿ ಹತ್ತಿರದ ಲಾರಿಯೂ ದೂರದ ಆಟಿಕೆಯಂತೆ ಕಂಡು ಮೋಸ ಮಾಡುತ್ತದೆ. ಹಿಂದೆ ಮೂಟೆ ತುಂಬಿ ನಡುವಿನ ಕನ್ನಡಿ ಮುಚ್ಚಿದ್ದರೆ ಪಕ್ಕದ ಕನ್ನಡಿಗಳನ್ನು ಅಷ್ಟು ಹೊರಕ್ಕೆ ತಿರುಗಿಸಬಾರದು. ಆಗ ಬೆನ್ನ ಹಿಂದಿನದನ್ನೂ ಅವೇ ತೋರಿಸಬೇಕು.

ಹುಲ್ಲಿನ ಬೆಟ್ಟದ ಹಿಂದೆ

ನೀರಮಾನ್ವಿಯ ಕಡೆ ಹೋಗುವಾಗ ಎದುರಿಗೊಂದು ಬೆಟ್ಟ ನಡೆದು ಹೋಗುತ್ತಿತ್ತು! ಹತ್ತಿರ ಹೋದರೆ, ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿಯ ಸೀಮೆಯೆಲ್ಲ ಭತ್ತದ ಕಣಜವಾಯಿತು. ಸುಗ್ಗಿ ಬಂತೆಂದರೆ ರಸ್ತೆಯ ತುಂಬ ಹುಲ್ಲಿನ ಟ್ರೈಲರುಗಳು. ಹುಲ್ಲು ಎರಡೂ ಪಕ್ಕಕ್ಕೆ ಮೊಳಗಟ್ಟಲೆ ಚಾಚಿರುತ್ತದೆ. ಓಡಿಸುವವನಿಗೆ ಕನ್ನಡಿ ಇದ್ದರೂ ಅದರಲ್ಲಿ ಹುಲ್ಲೇ.

ಕಾಕಾ ಹಾರ್ನ್ ಹೊಡೆದು, ತುಂಬ ಹಿಂದೆಯೇ ಉಳಿದು, ಟ್ರ್ಯಾಕ್ಟರಿನವನು ಕೈ ಮಾಡಿದ ಮೇಲೇ ಮುಂದೆ ಹೋದರು. ಸ್ವಲ್ಪ ದೂರ ಸುಮ್ಮನಿದ್ದು, ತಾವಾಗಿಯೇ ಹೇಳಿದರು:

"ನನ್ನ ತಂಗಿ ಮಗ, ಇಪ್ಪತ್ತು ವರ್ಷದಾಂವ. ಸಿನಿಮಾ ಅಂದ್ರ ಜೀವ. ಫಸ್ಟ್ ಡೇ ಬಿಡ್ತಿದ್ದಿಲ್ಲ. ಹಿಂಗ ಒಂದು ಟ್ರ್ಯಾಕ್ಟರ್ ಎಡಕ್ಕ ಬೈಕ್ ಹಾಕ್ಯಾನ. ಅದು ಹೊಲಕ್ಕ ತಿರುಗೈತಿ. ಟ್ರ್ಯಾಕ್ಟರಿನಾಂವ ಕುಡಿದಿದ್ದಿಲ್ಲ, ಜೋರೂ ಇದ್ದಿದ್ದಿಲ್ಲ ತಮ್ಮಾ. ಅವಂಗ ಕಂಡಿಲ್ಲ, ಅಷ್ಟ. ಹುಡುಗನ ಒಂದು ಕಾಲು ಹೋತು."

ನಾನು ಮಾತಾಡಲಿಲ್ಲ. ಕಾಕಾ ಕನ್ನಡಿ ನೋಡಿದರು, ಕತ್ತು ತಿರುಗಿಸಿ ನೋಡಿದರು, ಮತ್ತೆ ಮುಂದೆ ನೋಡಿದರು.

ಶಂಕರ್‌ನಾಗ್ 1985ರಲ್ಲಿ 'ಆಕ್ಸಿಡೆಂಟ್' ತೆಗೆದರು. ಮಾದಕದ ಅಮಲಿನ ಶ್ರೀಮಂತನ ಮಗ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಕಾರು ಹರಿಸುವ ಕತೆ. ಅಲ್ಲಿ ಖಳನಾಯಕ ಇದ್ದ, ಅವನ ಮೇಲೆ ನಮಗೆ ಸಿಟ್ಟೂ ಬಂತು. ಆದರೆ ಕಾಣದ ಮೂಲೆಯ ಕತೆಯಲ್ಲಿ ಖಳನಾಯಕನೇ ಇಲ್ಲ. ಸಿಟ್ಟು ಯಾರ ಮೇಲೆ? 1990ರ ಸೆಪ್ಟೆಂಬರ್ 30ರಂದು ಅದೇ ಶಂಕರ್‌ನಾಗ್ ದಾವಣಗೆರೆ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದರು. ವಯಸ್ಸು 35. ಅಭಿಮಾನಿಗಳ ಎದೆಯಲ್ಲಿ ಆ ಗಾಯ ಇನ್ನೂ ಹಸಿ.

ದಾಸರ ಊರಿನಲ್ಲಿ

ಮಾನ್ವಿ ಬಂತು. ಇದು ಜಗನ್ನಾಥದಾಸರ ಊರು. 'ಹರಿಕಥಾಮೃತಸಾರ' ಬರೆದವರು, 1809ರಲ್ಲಿ ಕಾಲವಾದವರು. ಇಲ್ಲಿಯ ಮಂದಿರದ ಕಂಬದಲ್ಲಿ ದಾಸರು ಇದ್ದಾರೆ ಎಂಬುದು ಭಕ್ತರ ನಂಬಿಕೆ. ಮೊದಲು ಅವರು ಶ್ರೀನಿವಾಸಾಚಾರ್ಯರೆಂಬ ಮಹಾ ಪಂಡಿತರು. ಇದೇ ಸೀಮೆಯ ಚೀಕಲಪರ್ವಿಯ ವಿಜಯದಾಸರು ಕನ್ನಡದಲ್ಲಿ ಹಾಡುವವರೆಂದು ಪಂಡಿತರು ಹಗುರಾಗಿ ಕಂಡರಂತೆ. ಹೊಟ್ಟೆಶೂಲೆ ಹಿಡಿದು ನರಳಿ, ಕೊನೆಗೆ ಗೋಪಾಲದಾಸರ ಕೃಪೆಯಿಂದ ಗುಣವಾಗಿ, ತಾವೂ ದಾಸರಾದರು ಎಂದು ಐತಿಹ್ಯ. ಪಂಡಿತರ ಕಣ್ಣಿಗೆ ದೂರದ ಶಾಸ್ತ್ರವೆಲ್ಲ ಕಂಡಿತ್ತು. ಪಕ್ಕದೂರಿನ ದೊಡ್ಡ ಮನುಷ್ಯ ಕಾಣಲಿಲ್ಲ! ಕಾಣದ ಮೂಲೆ ಗಾಡಿಗೆ ಮಾತ್ರ ಇರುವುದಲ್ಲ, ನೋಡಿ.

ಬಸ್ ಸ್ಟ್ಯಾಂಡಿನ ಹತ್ತಿರ ಜೀಪು ನಿಂತದ್ದೇ ತಡ, ಹುಡುಗರು ಮುತ್ತಿಕೊಂಡರು. "ಅಣ್ಣಾ, ಟಾಪ್ ಬಿಚ್ಚಿ ಒಂದು ಫೋಟೋ!" ಕಾಕಾ ನಕ್ಕು ಟಾಪು ಬಿಚ್ಚಿಕೊಟ್ಟರು. ಒಬ್ಬೊಬ್ಬರೇ ಸ್ಟೀರಿಂಗ್ ಹಿಡಿದು ಹೀರೋ ಆದರು. ಸೀಟಿನಲ್ಲಿ ಕೂತ ಪ್ರತಿಯೊಬ್ಬನಿಗೂ ಕಾಕಾ ಒಂದೇ ಪ್ರಶ್ನೆ ಕೇಳಿದರು, "ನಿನ್ನ ಎಡಕ್ಕ ಹಿಂದ ಎಷ್ಟು ಮಂದಿ ಅದಾರ, ಹೇಳು?" ಹೊಳ್ಳಿ ನೋಡದೆ ಸರಿಯಾಗಿ ಹೇಳಿದವನು ಒಬ್ಬನೂ ಇಲ್ಲ.

ಓದುಗ ಮಿತ್ರರೇ, ನಮ್ಮಲ್ಲಿ ಜೀಪು ಇರುವವರು ಎಷ್ಟು ಜನ? ಬೈಕು, ಸೈಕಲ್ಲು ಇರುವವರೇ ಹೆಚ್ಚು. ಅಂದರೆ ಆ ಮೂಲೆಯಲ್ಲಿ ಮಾಯವಾಗುವವರು ನಾವೇ. ಅದಕ್ಕೆ ಕಾಕಾ ಹೇಳಿದ ಒಂದು ಲೆಕ್ಕ ನಿಮಗಾಗಿ ತಂದಿದ್ದೇನೆ. ಮುಂದಿನ ಲಾರಿಯ ಕನ್ನಡಿಯಲ್ಲಿ ಡ್ರೈವರಿನ ಮುಖ ನಿಮಗೆ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಅವನಿಗೆ ನೀವೂ ಕಾಣುವುದಿಲ್ಲ. ಹಾರ್ನ್ ಹೊಡೆಯಿರಿ, ಹಿಂದೆ ಸರಿಯಿರಿ, ಎಡಗಡೆಯ ಸಂದಿಗೆ ಮಾತ್ರ ನುಗ್ಗಬೇಡಿ. ಸೆಕೆಂಡ್ ಶೋ ಬಿಟ್ಟು ಮೂವರು ಒಂದೇ ಬೈಕಿನಲ್ಲಿ ಹೀರೋನ ಡೈಲಾಗ್ ಹೊಡೆಯುತ್ತಾ ಹೋಗುವ ಅಭ್ಯಾಸವಿದ್ದರೆ, ಅದನ್ನೂ ಬಿಡಿ. ಮುಂದಿನ ಶುಕ್ರವಾರ ಹೊಸ ಚಿತ್ರ ಬಿಡುಗಡೆಯಾಗುತ್ತದೆ, ಅದನ್ನು ನೋಡಲು ನೀವು ಇರಬೇಕಲ್ಲ!