ನಂತರವೋ, ಅದರಿಂದಲೋ

ಫೆಬ್ರವರಿಯ ಒಂದು ಭಾನುವಾರ ಅತ್ತೆ ಡೊಂಬಿವಲಿಯಿಂದ ಮಾಟುಂಗದ ನಮ್ಮ ಮನೆಗೆ ಬಂದರು. ಕೈಯಲ್ಲಿ ಬಟ್ಟೆಯಂಗಡಿಯ ಹಳೆಯ ಚೀಲ, ಅದರೊಳಗೆ ಮಾವನ ಫೈಲು. ಮಾವ ಎಂದರೆ ಅಮ್ಮನ ತಮ್ಮ. ಕುಂದಾಪುರದ ಕಡೆಯ ಹಳ್ಳಿಯಿಂದ ಹದಿನಾರನೇ ವಯಸ್ಸಿಗೆ ಮುಂಬೈಗೆ ಬಂದವರು. ಮಾಟುಂಗದ ಹೋಟೆಲೊಂದರಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ, ಕೊನೆಗೆ ದೋಸೆ ಕಾವಲಿಯ ಮುಂದೆ ಇಪ್ಪತ್ತೆಂಟು ವರ್ಷ ನಿಂತರು. ಈಗ ನಿಲ್ಲಲಾರರು.

"ನಾನು ಹೇಳಿದ್ದನ್ನ ಇಂಗ್ಲಿಷಿಗೆ ಮಾಡಿ ಕೊಡ್ಬೇಕಂತೆ, ವಕೀಲರು ಹೇಳಿದ್ರು. ನೀನು ಅದೇ ಕೆಲಸ ಮಾಡುದಲ್ದಾ?" ಎಂದರು ಅತ್ತೆ.

ಹೌದು, ನಾನು ಮಾಡುವುದು ಅದೇ ಕೆಲಸ. ಔಷಧಿ ಡಬ್ಬಿಯೊಳಗಿನ ಚೀಟಿ, ಬ್ಯಾಂಕಿನ ಷರತ್ತು, ಮಿಕ್ಸಿಯ ಕೈಪಿಡಿ ಎಲ್ಲವನ್ನೂ ಪದಕ್ಕಿಷ್ಟು ಎಂದು ಅನುವಾದಿಸಿ ಬದುಕುತ್ತೇನೆ. ಅತ್ತೆಯ ಹೇಳಿಕೆ ಎರಡು ಪುಟ ಆಗಬಹುದು, ಊಟದ ಹೊತ್ತಿಗೆ ಮುಗಿಸಬಹುದು ಅಂದುಕೊಂಡೆ. ಅದು ಮುಗಿಯಲು ಮೂರು ವಾರ ಹಿಡಿಯಿತು. ತಡೆದದ್ದು ಮೊದಲನೆಯ ವಾಕ್ಯ.

ನಡೆದದ್ದು ಇಷ್ಟು. 2021ರ ಆಗಸ್ಟ್ 8ರಂದು ಮಹಾರಾಷ್ಟ್ರದ ಮುಖ್ಯಮಂತ್ರಿಗಳು ಒಂದು ಘೋಷಣೆ ಮಾಡಿದರು. ಎರಡೂ ಡೋಸ್ ಪಡೆದು 14 ದಿನ ಕಳೆದವರು ಆಗಸ್ಟ್ 15ರಿಂದ ಲೋಕಲ್ ರೈಲಿನಲ್ಲಿ ಓಡಾಡಬಹುದು ಎಂದು. ಮಾವ ಅಲ್ಲಿಯವರೆಗೆ ಲಸಿಕೆ ಹಾಕಿಸಿಕೊಂಡಿರಲಿಲ್ಲ. ವಿರೋಧವೇನೂ ಇರಲಿಲ್ಲ, ನಾಳೆ ನಾಡಿದ್ದು ಎಂದು ಮುಂದೂಡಿದ್ದರು ಅಷ್ಟೆ. ಡೊಂಬಿವಲಿಯಿಂದ ಬಸ್ಸು ಬದಲಿಸಿ ಬದಲಿಸಿ ಬರುವಷ್ಟರಲ್ಲಿ ಮಾಟುಂಗದಲ್ಲಿ ಬೆಳಗಿನ ತಿಂಡಿ ಮುಗಿದಿರುತ್ತಿತ್ತು. ರೈಲಿನ ಸುದ್ದಿ ಬಂದ ವಾರವೇ ಸಾಲಿನಲ್ಲಿ ನಿಂತು ಮೊದಲ ಡೋಸ್ ತೆಗೆದುಕೊಂಡರು. ಹನ್ನೆರಡನೇ ದಿನ ಅಂಗಾಲಿನಲ್ಲಿ ಜೋಮು ಹಿಡಿಯಿತು. ಹದಿನಾಲ್ಕನೇ ದಿನ ಬಚ್ಚಲಿನಲ್ಲಿ ಬಿದ್ದರು. ಆಮೇಲೆ ಎಂಟು ದಿನ ವೆಂಟಿಲೇಟರು.

ಡಾಕ್ಟರು ಹೇಳಿದ ಹೆಸರು ಗಿಯಾನ್ ಬಾರೆ ಸಿಂಡ್ರೋಮ್, ಚಿಕ್ಕದಾಗಿ ಜಿಬಿಎಸ್. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ನರಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಹೆಚ್ಚಾಗಿ ಯಾವುದೋ ಸೋಂಕಿನ ಬೆನ್ನಿಗೆ ಬರುತ್ತದೆ. ಕೆಲವು ಲಸಿಕೆಗಳ ನಂತರ ಅತಿ ಅಪರೂಪಕ್ಕೆ ಕಾಣಿಸಿಕೊಳ್ಳುವುದೂ ಉಂಟು. ಮಾವ ಬದುಕಿದರು. ಆಸ್ಪತ್ರೆಯ ಬಿಲ್ಲು 6,48,000 ರೂಪಾಯಿ. ಅತ್ತೆಯ ಬಳೆ ಎರಡು ಇಂದಿಗೂ ಗಿರವಿಯಲ್ಲಿವೆ.

ಇನ್ನು ಆ ವಾಕ್ಯ. ಅತ್ತೆ ಹೇಳುತ್ತಾ ಹೋದುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅವರು ಶುರುಮಾಡಿದ್ದೇ ಹೀಗೆ: "ಸೂಜಿ ಹಾಕಿಸ್ಕಂಡ್ ಬಂದು, ಹನ್ನೆರಡ್ನೇ ದಿನಕ್ಕೆ ಅವ್ರ ಕಾಲು ಹೋಯ್ತು."

‘ಬಂದು’, ‘ಹೋಗಿ’, ‘ನೆನೆದು’. ಶಾಲೆಯ ವ್ಯಾಕರಣದಲ್ಲಿ ಇದನ್ನು ಭೂತನ್ಯೂನ ಎಂದು ಕಲಿತಿರುತ್ತೀರಿ. ‘ಊಟ ಮಾಡಿ ಮಲಗಿದೆ’ ಎಂದರೆ ಮೊದಲು ಊಟ, ಆಮೇಲೆ ನಿದ್ದೆ, ಅಷ್ಟೇ. ‘ಮಳೆಯಲ್ಲಿ ನೆನೆದು ಜ್ವರ ಬಂತು’ ಎಂದಾಗ ಮೊದಲು ನೆನೆದದ್ದು, ಆಮೇಲೆ ಜ್ವರ ಎಂಬುದರ ಜೊತೆಗೆ ನೆನೆದದ್ದರಿಂದಲೇ ಜ್ವರ ಎಂದೂ ಕೇಳಿಸುತ್ತದೆ. ರೂಪ ಒಂದೇ. ಎರಡನೆಯ ಕ್ರಿಯೆ ನಾವು ಬೇಕೆಂದು ಮಾಡುವಂಥದ್ದಲ್ಲದಾಗ, ಅಂದರೆ ಜ್ವರ ಬರುವುದು, ಕಾಲು ಹೋಗುವುದು ಇಂಥವಾದಾಗ, ಕಾಲದ ಅರ್ಥದೊಳಕ್ಕೆ ಕಾರಣದ ಅರ್ಥವೂ ಇಳಿದುಬಿಡುತ್ತದೆ. ಎಂ.ಎ. ಓದುವಾಗ ಇದರ ಮೇಲೆ ಒಂದು ಸೆಮಿನಾರು ಪ್ರಬಂಧ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಆಗ ಉದಾಹರಣೆಗಳೆಲ್ಲ ಮಳೆ, ಜ್ವರ, ನೆಗಡಿಯವೇ.

ಇಂಗ್ಲಿಷಿನಲ್ಲಿ ಈ ಸೌಕರ್ಯ ಇಲ್ಲ. ‘ಆಫ್ಟರ್’ ಎಂದು ಬರೆಯಬೇಕು, ಇಲ್ಲವೇ ‘ಬಿಕಾಸ್ ಆಫ್’ ಎಂದು ಬರೆಯಬೇಕು. ಕೆಳಗೆ ‘ಇದು ಮೂಲಕ್ಕೆ ನಿಷ್ಠವಾದ ಅನುವಾದ’ ಎಂದು ನಾನು ಸಹಿ ಹಾಕಬೇಕು.

ಫೈಲಿನಲ್ಲಿ ಇನ್ನೊಂದು ಕಾಗದವಿತ್ತು. ಮಾವನ ಪ್ರಕರಣವನ್ನು ಒಬ್ಬ ಕಿರಿಯ ಡಾಕ್ಟರು ಮೇಲಕ್ಕೆ ವರದಿ ಮಾಡಿದ್ದರು. ಅದರ ಗತಿ ಏನಾಯಿತೆಂದು ಮಾಹಿತಿ ಹಕ್ಕಿನಡಿ ಕೇಳಿದ ಹದಿನಾಲ್ಕು ತಿಂಗಳ ಮೇಲೆ ಒಂದು ಕಚೇರಿಯಿಂದ ಬಂದ ಒಂದೇ ಪುಟದ ಉತ್ತರ ಅದು. ಅದರಲ್ಲಿದ್ದ ತೀರ್ಮಾನ: ‘ಬಿ-1’. ಅತ್ತೆ ಅದನ್ನು ಹಿಡಿದು ಕೇಳಿದರು: "ಹೌದಾ, ಅಲ್ದಾ? ಒಂದು ಮಾತು ಹೇಳು."

ಲಸಿಕೆಯ ನಂತರ ಆಗುವ ತೊಂದರೆಗಳನ್ನು ನಮ್ಮ ದೇಶದ ತಜ್ಞರ ಸಮಿತಿಗಳು ನಾಲ್ಕು ಗುಂಪಾಗಿ ವಿಂಗಡಿಸುತ್ತವೆ. ಎ ಎಂದರೆ ಲಸಿಕೆಗೋ ಅದನ್ನು ಕೊಟ್ಟ ಕ್ರಮಕ್ಕೋ ಸಂಬಂಧವಿದೆ. ಸಿ ಎಂದರೆ ಕಾಕತಾಳೀಯ, ಬೇರೆ ಕಾರಣವಿದೆ. ಡಿ ಎಂದರೆ ಮಾಹಿತಿ ಸಾಲದು. ಬಿ ಎಂದರೆ ನಿರ್ಧರಿಸಲಾಗದ್ದು. ಅದರಲ್ಲಿ ಬಿ-1 ಎಂದರೆ ಕಾಲದ ಲೆಕ್ಕ ಹೊಂದುತ್ತದೆ, ಆದರೆ ಲಸಿಕೆಯೇ ಕಾರಣ ಎನ್ನಲು ಖಚಿತ ಪುರಾವೆ ಸಾಲದು. ವಿಜ್ಞಾನದ ದೃಷ್ಟಿಯಿಂದ ಇದು ಪ್ರಾಮಾಣಿಕ ಉತ್ತರ. ಈ ಇಡೀ ಪದ್ಧತಿಯ ಹೆಸರಿನಲ್ಲೇ ‘ಲಸಿಕೆಯಿಂದ’ ಎಂದಿಲ್ಲ, ‘ಲಸಿಕೆಯ ನಂತರ’ ಎಂದಿದೆ. ಅದು ಬೇಕೆಂದೇ ಆರಿಸಿದ ಪದ.

"ಹೇಳೋಕಾಗಲ್ಲ ಅಂತ ಬರೆದಿದ್ದಾರೆ ಅತ್ತೆ," ಎಂದೆ.

"ಅಲ್ಲ ಅಂತ ಬರೀಲಿಲ್ಲ ಅಲ್ದಾ?"

ಬರೆದಿರಲಿಲ್ಲ. ಆದರೆ ‘ಹೇಳಲಾಗದು’ ಎಂಬ ಉತ್ತರ ಕಚೇರಿಯಿಂದ ಮನೆಗೆ ಬರುವಷ್ಟರಲ್ಲಿ ‘ಇಲ್ಲ’ ಆಗಿಬಿಡುತ್ತದೆ. 2021ರಲ್ಲಿ ಲಸಿಕೆಯ ನಂತರ ಮಗಳನ್ನು ಕಳೆದುಕೊಂಡ ಇಬ್ಬರು ಯುವತಿಯರ ತಂದೆತಾಯಂದಿರು ಸುಪ್ರೀಂ ಕೋರ್ಟಿಗೆ ಹೋದರು. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅಲ್ಲಿ ಉತ್ತರ ಸಲ್ಲಿಸಿತು. ಆ ಹೊತ್ತಿಗೆ ದೇಶದಲ್ಲಿ ಕೊಟ್ಟಿದ್ದ ಡೋಸುಗಳು ಸುಮಾರು 219 ಕೋಟಿ, ವರದಿಯಾದ ತೊಂದರೆಗಳು 92,114, ಅವುಗಳಲ್ಲಿ ಗಂಭೀರವಾದವು 2,782. ಲಸಿಕೆ ಕಡ್ಡಾಯವಲ್ಲ, ಸ್ವಇಚ್ಛೆಯದು. ಇಷ್ಟು ಅಪರೂಪದ ಸಾವುಗಳಿಗೆ ಸರ್ಕಾರವನ್ನು ನೇರ ಹೊಣೆ ಮಾಡಲಾಗದು. ನೊಂದವರು ಸಿವಿಲ್ ಕೋರ್ಟಿಗೆ ಹೋಗಿ ನಿರ್ಲಕ್ಷ್ಯಕ್ಕೆ ಪರಿಹಾರ ಕೇಳಬಹುದು ಎಂಬುದು ಸರ್ಕಾರದ ವಾದ.

ಅಂದರೆ ಅತ್ತೆ ಎರಡು ಸಂಗತಿ ಸಾಬೀತು ಮಾಡಬೇಕು. ಒಂದು, ಲಸಿಕೆಯೇ ಕಾರಣ. ಎರಡು, ಯಾರೋ ತಪ್ಪು ಮಾಡಿದ್ದಾರೆ. ಮೊದಲನೆಯದಕ್ಕೆ ತಜ್ಞರೇ ಹೇಳಲಾಗದು ಎಂದಿದ್ದಾರೆ. ಎರಡನೆಯದರಲ್ಲಿ ಬಹುಶಃ ಯಾರ ತಪ್ಪೂ ಇಲ್ಲ. ಲಸಿಕೆ ಸರಿಯಾಗಿಯೇ ತಯಾರಾಗಿರಬಹುದು, ನರ್ಸು ಸರಿಯಾಗಿಯೇ ಚುಚ್ಚಿರಬಹುದು. ಕೋಟಿಗಟ್ಟಲೆ ಜನರನ್ನು ಕಾಪಾಡಿದ ಕೆಲಸದಲ್ಲಿ ಒಬ್ಬನ ಕಾಲು ಹೋಗಿರಬಹುದು.

ಸ್ವಇಚ್ಛೆ ಎಂಬ ಪದ ನನ್ನನ್ನು ಮತ್ತೆ ರೈಲಿನ ಬಳಿಗೆ ತರುತ್ತದೆ. ಒಂದು ಪಕ್ಷ ಮಾವ ಪಾಸು ಕಿಸೆಯಲ್ಲಿಟ್ಟುಕೊಂಡು ಲೋಕಲ್ ಹತ್ತಿ, ಬಾಗಿಲಲ್ಲಿ ಜೋತಾಡುತ್ತಾ ಆಯತಪ್ಪಿ ಬಿದ್ದಿದ್ದರೆ? 1989ರ ರೈಲ್ವೆ ಕಾಯಿದೆಯ 124ಎ ಸೆಕ್ಷನ್ನಿನಡಿ ರೈಲ್ವೆಯ ತಪ್ಪಿತ್ತೇ ಇಲ್ಲವೇ ಎಂದು ಯಾರೂ ಕೇಳುತ್ತಿರಲಿಲ್ಲ. ಆತ್ಮಹತ್ಯೆ, ಕುಡಿತ, ಸ್ವಂತ ಕಾಯಿಲೆ ಇಂಥವಲ್ಲದಿದ್ದರೆ ಸಾಕು, ಪರಿಹಾರ ಕೊಡಲೇಬೇಕು. ಸಾವಿಗೆ 8 ಲಕ್ಷ. ಅಂಗ ಊನವಾದರೆ ಅದಕ್ಕೊಂದು ಪಟ್ಟಿ. ದಿನಕ್ಕೆ ಲಕ್ಷಾಂತರ ಜನ ಹತ್ತಿಳಿಯುವ ರೈಲಿನಲ್ಲಿ ಕೆಲವರು ಬಿದ್ದೇ ಬೀಳುತ್ತಾರೆ, ಆ ನಷ್ಟವನ್ನು ಒಬ್ಬರ ಮನೆಯ ಮೇಲೆ ಹೇರಬಾರದು ಎಂದು ಈ ದೇಶದ ಕಾನೂನು ಬಹಳ ಹಿಂದೆಯೇ ಒಪ್ಪಿದೆ. ರೈಲು ಹತ್ತಲು ಬೇಕೆಂದು ಹಾಕಿಸಿಕೊಂಡ ಲಸಿಕೆಗೆ ಮಾತ್ರ ಆಗ ಆ ನಿಯಮವಿರಲಿಲ್ಲ.

‘ನಂತರ’ ಎಂಬುದೇ ಸಾಕು ಎಂದು ಸರ್ಕಾರ ಒಪ್ಪಿದ ಉದಾಹರಣೆಯೂ ಅದೇ ಕಾಲದ್ದು. 2021ರ ಸೆಪ್ಟೆಂಬರಿನ ಮಾರ್ಗಸೂಚಿಯಂತೆ ಕೋವಿಡ್ ಸಾವಿಗೆ 50,000 ರೂಪಾಯಿ ಪರಿಹಾರ. ಕೋವಿಡ್ ದೃಢಪಟ್ಟ 30 ದಿನದೊಳಗೆ ಸತ್ತರೆ, ಆಸ್ಪತ್ರೆಯ ಹೊರಗೆ ಸತ್ತರೂ, ಅದು ಕೋವಿಡ್ ಸಾವೇ. ವಿಷಪ್ರಾಶನ, ಅಪಘಾತದಂಥವನ್ನು ಬಿಟ್ಟರೆ ಪ್ರತಿಯೊಂದು ದೇಹದ ಕಾರಣವನ್ನೂ ಕೆದಕುವ ಗೋಜಿಗೆ ಹೋಗಲಿಲ್ಲ. ವೈರಸ್ಸಿಗೆ ಕ್ಯಾಲೆಂಡರು ಸಾಕಾಯಿತು.

ಬೇರೆ ದೇಶಗಳು ಈ ಗಂಟನ್ನು ಬಿಡಿಸಲು ಹೊರಟದ್ದರಲ್ಲಿ ಮಾವನ ಕಾಯಿಲೆಗೂ ಒಂದು ಪಾತ್ರವಿದೆ. 1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರದ ಭಯದಿಂದ ನಾಲ್ಕು ಕೋಟಿಗೂ ಹೆಚ್ಚು ಜನಕ್ಕೆ ಲಸಿಕೆ ಹಾಕಿದರು. ಲಕ್ಷಕ್ಕೆ ಒಬ್ಬರಂತೆ ಹೆಚ್ಚುವರಿ ಜಿಬಿಎಸ್ ಕಾಣಿಸಿತು. ಡಿಸೆಂಬರಿನಲ್ಲಿ ಕಾರ್ಯಕ್ರಮ ನಿಲ್ಲಿಸಿದರು. ವಿಮಾ ಕಂಪನಿಗಳು ಮೊದಲೇ ಹಿಂದೆ ಸರಿದಿದ್ದರಿಂದ ಹೊಣೆಯನ್ನು ಸರ್ಕಾರವೇ ಹೊತ್ತಿತ್ತು. 1978ರಲ್ಲಿ ಅದು ಇನ್ನೊಂದು ಹೆಜ್ಜೆ ಇಟ್ಟಿತು: ಜಿಬಿಎಸ್ ಆದವರು ಯಾರ ನಿರ್ಲಕ್ಷ್ಯವನ್ನೂ ಸಾಬೀತು ಮಾಡಬೇಕಿಲ್ಲ. 1986ರಲ್ಲಿ ಮಕ್ಕಳ ಲಸಿಕೆಗಳಿಗಾಗಿ ಒಂದು ಕಾಯಿದೆಯೇ ಬಂತು. ಲಸಿಕೆ ತಡೆಯುವ ಪ್ರತಿ ಕಾಯಿಲೆಗೆ ಡೋಸಿಗೆ 75 ಸೆಂಟಿನಂತೆ ತೆರಿಗೆ ಕೂಡಿಟ್ಟು ಅದರಿಂದ ಪರಿಹಾರ ಕೊಡುತ್ತಾರೆ. ಅಲ್ಲಿ ಪರಿಹಾರ ಸಿಗುವ ಪ್ರಕರಣಗಳಲ್ಲಿ ಸುಮಾರು 60 ಶೇಕಡ ರಾಜಿಯಲ್ಲಿ ಮುಗಿಯುತ್ತವೆ. ಲಸಿಕೆಯೇ ಕಾರಣ ಎಂದು ಸರ್ಕಾರ ಒಪ್ಪುವುದಿಲ್ಲ, ಆದರೂ ಹಣ ಕೊಡುತ್ತದೆ. ಬಿ-1ಗೆ ಅಲ್ಲೊಂದು ಬಾಗಿಲಿದೆ. ಕೋವಿಡ್ ಲಸಿಕೆಗಳನ್ನು ಮಾತ್ರ ಆ ದೇಶವೂ ಬೇರೊಂದು ವ್ಯವಸ್ಥೆಗೆ ತಳ್ಳಿತು. ಅಲ್ಲಿ ಪರಿಹಾರ ಸಿಕ್ಕವರು ತೀರಾ ಕಡಿಮೆ.

ಮಾವನ ಫಿಸಿಯೋಥೆರಪಿಗೆ ಕೆಲವು ಸಲ ನಾನೂ ಜೊತೆಗೆ ಪರೇಲಿಗೆ ಹೋಗಿದ್ದೇನೆ. ಟ್ಯಾಕ್ಸಿ ಹಾಫ್‌ಕಿನ್ ಇನ್‌ಸ್ಟಿಟ್ಯೂಟಿನ ಗೇಟಿನ ಮುಂದೆ ಹಾಯುತ್ತದೆ. ವಾಲ್ಡೆಮರ್ ಹಾಫ್‌ಕಿನ್ ಪ್ಲೇಗ್ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡದ್ದು ಈ ಊರಿನಲ್ಲಿ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಬಾಟಲಿ ಕೆಟ್ಟದ್ದು ಪರೇಲಿನ ಪ್ರಯೋಗಾಲಯದಲ್ಲೋ ಹಳ್ಳಿಯಲ್ಲೋ ಎಂದು ಐದು ವರ್ಷ ಜಗಳ ನಡೆಯಿತು. ಹಾಫ್‌ಕಿನ್ ಕೆಲಸ ಕಳೆದುಕೊಂಡರು. ಹಳ್ಳಿಯಲ್ಲಿ ಇಕ್ಕಳ ನೆಲಕ್ಕೆ ಬಿದ್ದದ್ದು, ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದ್ದು ಹೊರಬಂದು, ರೊನಾಲ್ಡ್ ರಾಸ್ ಮೊದಲಾದವರು ಪರವಾಗಿ ಬರೆದ ಮೇಲೆ 1907ರಲ್ಲಿ ಅವರು ನಿರ್ದೋಷಿಯಾದರು. ಆ ಬಾಟಲಿಯ ಸಂಖ್ಯೆ 53ಎನ್ ಎಂಬುದು ಎಲ್ಲ ಪುಸ್ತಕಗಳಲ್ಲಿದೆ. ನಾನು ಓದಿದ ಯಾವುದರಲ್ಲೂ ಆ 19 ಜನರ ಹೆಸರು ಕಾಣಲಿಲ್ಲ. ತಪ್ಪು ಯಾರದು ಎಂಬುದೊಂದೇ ಪ್ರಶ್ನೆಯಾದಾಗ ನೊಂದವರ ಮನೆಯಲ್ಲಿ ಆಮೇಲೆ ಏನಾಯಿತು ಎಂದು ಕೇಳುವವರಿರುವುದಿಲ್ಲ.

ಕನ್ನಡದಲ್ಲಿ ನಾವು ‘ಪರಿಹಾರ’ ಎನ್ನುತ್ತೇವೆ. ಇಲ್ಲಿ ಮರಾಠಿಯಲ್ಲಿ ‘ನುಕ್ಸಾನ್ ಭರಪಾಯಿ’, ನಷ್ಟವನ್ನು ತುಂಬಿಕೊಡುವುದು, ನೇರ ಮಾತು. ನಮ್ಮ ಪದಕ್ಕೆ ಹೊರೆ ಹೆಚ್ಚು. ಸಮಸ್ಯೆಗೂ ಪರಿಹಾರ, ಬರಕ್ಕೂ ಪರಿಹಾರ, ದೋಷಕ್ಕೂ ಪರಿಹಾರ. ಅದಕ್ಕೇ ಇರಬೇಕು, ಪರಿಹಾರ ಕೇಳಿದ ಕೂಡಲೇ ದೋಷ ಯಾರದು ಎಂಬ ಮಾತು ಹಿಂದೆಯೇ ಬರುತ್ತದೆ.

ವಕೀಲರು ಫೋನು ಮಾಡಿದರು. "ಬಿಕಾಸ್ ಆಫ್ ಅಂತಲೇ ಹಾಕಿ. ಕಾರಣ ಇದೇ ಅಂತ ನಾವೇ ಹೇಳದಿದ್ದರೆ ಇನ್ಯಾರು ಹೇಳ್ತಾರೆ?" ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಅದೇ ಹೊತ್ತಿಗೆ, 2025ರ ಜನವರಿಯಿಂದ, ಪುಣೆಯಲ್ಲಿ ಜಿಬಿಎಸ್ ಹಬ್ಬಿತ್ತು. ಅಲ್ಲಿ ಸಂಶಯ ಬಿದ್ದದ್ದು ಕಲುಷಿತ ನೀರಿನ ಮೇಲೆ. ಅತ್ತೆ ಟಿವಿ ನೋಡಿದ್ದರು. "ನಮ್ಮಲ್ಲಿ ನೀರು ಕಾಯಿಸಿಯೇ ಕುಡಿಯುದು," ಎಂದರು, ನಾನು ಕೇಳುವ ಮೊದಲೇ.

ನಾನು ಬೇರೆ ಪ್ರಶ್ನೆ ಕೇಳಿದೆ. "ಅತ್ತೆ, ಸೂಜಿಯಿಂದ ಆಯ್ತು ಅಂತ ಬರೀಲಾ, ಸೂಜಿ ಆದ ಮೇಲೆ ಆಯ್ತು ಅಂತ ಬರೀಲಾ?"

"ಎರಡೂ ಒಂದೇ ಅಲ್ದಾ?"

ಅಲ್ಲ ಎಂದು ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಂಗೆ ಕಂಡದ್ದು ಹೇಳ್ತೆ. ಸೂಜಿ ಹಾಕಿಸ್ಕಂಡ್ರು. ಹನ್ನೊಂದು ದಿನ ಸರಿಯಿದ್ರು, ಒಂದು ಕೆಮ್ಮು ಸೈತ ಇರ್ಲಿಲ್ಲ. ಆಮೇಲೆ ಕಾಲು ಹೋಯ್ತು. ಯಾಕೆ ಅಂತ ಡಾಕ್ಟ್ರು ಹೇಳ್ಬೇಕು, ನಾನು ಹ್ಯಾಂಗೆ ಹೇಳುದು?"

ಅದನ್ನೇ ಬರೆದೆ. ‘ಆಫ್ಟರ್’ ಎಂದು ಹಾಕಿ, ಆ ಹನ್ನೊಂದು ದಿನಗಳಲ್ಲಿ ಬೇರೆ ಯಾವ ಕಾಯಿಲೆಯೂ ಇರಲಿಲ್ಲ ಎಂಬುದನ್ನು ಬೇರೆಯೇ ವಾಕ್ಯ ಮಾಡಿದೆ. ಸಮಿತಿಯೂ ಲಸಿಕೆಯ ಪಾತ್ರವನ್ನು ತಳ್ಳಿಹಾಕಿಲ್ಲ ಎಂಬುದನ್ನು ಇನ್ನೊಂದು ವಾಕ್ಯ ಮಾಡಿದೆ. ವಕೀಲರು ಗೊಣಗಿದರು. ಕೊನೆಗೆ ಕಾರಣದ ವಾದವನ್ನು ತಮ್ಮ ಮನವಿಯಲ್ಲಿ ತಾವೇ ಬರೆದುಕೊಂಡರು. ಅದು ಅವರ ಕೆಲಸವೇ. ಹೇಳಿಕೆ ಅತ್ತೆಯದು.

ಮಾವ ಈಗ ಅದೇ ಹೋಟೆಲಿನ ಗಲ್ಲಾದಲ್ಲಿ ಮಧ್ಯಾಹ್ನದವರೆಗೆ ಕೂರುತ್ತಾರೆ. ಸಂಬಳ ಅರ್ಧ. ಮೊಮ್ಮಗಳಿಗೆ ದಡಾರದ ಚುಚ್ಚುಮದ್ದು ಹಾಕಿಸುವ ದಿನ ಕೋಲು ಹಿಡಿದು ತಾವೇ ಕರೆದುಕೊಂಡು ಹೋದರಂತೆ. ಯಾರೋ ಕೇಳಿದ್ದಕ್ಕೆ, ತಮ್ಮ ಊರಿನಲ್ಲಿ ದಡಾರಕ್ಕೆ ಹೋದ ಮಕ್ಕಳನ್ನು ತಾನು ನೋಡಿದ್ದೇನೆ ಎಂದರಂತೆ.

ಅರ್ಜಿಯ ಕೊನೆಯಲ್ಲಿ ಕೇಳುವ ಮೊತ್ತ ಬರೆಯುವ ಜಾಗವಿತ್ತು. ಅತ್ತೆ ಆಸ್ಪತ್ರೆಯ ಬಿಲ್ಲು ತೆಗೆದು 6,48,000 ಎಂದು ಓದಿ ಹೇಳಿದರು. ಬರೆದೆ. ಕಾಲಿಗೆ ಎಷ್ಟು ಬರೆಯಲಿ ಎಂದು ಕೇಳಿದೆ.

"ಅದನ್ನ ಅವ್ರೇ ಬರೀಲಿ," ಎಂದು ಫೈಲು ಮಡಚಿ ಚೀಲಕ್ಕೆ ಹಾಕಿಕೊಂಡರು.